ಗ್ರಾಹಕರ ಮುಖ ನೋಡದೆ, ಮನೆಯಿಂದಲೇ ಲಗ್ನಪತ್ರಿಕೆ ಡಿಸೈನ್ ಮಾಡಿ ಸಂಪಾದಿಸಬಹುದೇ?

ಶಿಕಾರಿಪುರದಲ್ಲಿದ್ದೇನೆ, ಚಿಕ್ಕ ಮಗುವಿದೆ, ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್ ಡ್ರಾ ಚೆನ್ನಾಗಿ ಬರುತ್ತದೆ, ಅಂಗಡಿ ಹಾಕದೆ ವಾಟ್ಸಾಪ್‌ನಲ್ಲೇ ಲಗ್ನಪತ್ರಿಕೆ ಕೆಲಸ ನಡೆಸಬಹುದಾ ಎಂದು ಕೇಳಿದ್ದೀರಿ. ಖಂಡಿತ ನಡೆಸಬಹುದು. ದಾವಣಗೆರೆಯ ನಮ್ಮ ಮನೆಯಲ್ಲಿ, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತು ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಗ್ರಾಹಕರಲ್ಲಿ ಮುಕ್ಕಾಲು ಪಾಲು ಜನರನ್ನು ನಾನು ಕಂಡೇ ಇಲ್ಲ. ಡಿಸೈನ್ ನಿಮಗೆ ಗೊತ್ತಿದೆ. ಈ ಕೆಲಸ ಕೆಡುವುದು ಮಾತುಕತೆಯಲ್ಲಿ, ಅದನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷ ರಾಣೆಬೆನ್ನೂರು ಕಡೆಯ ಒಂದು ಮನೆಯ ಪತ್ರಿಕೆ ಬಂತು. ಹುಡುಗಿಯ ತಂದೆ ರಾತ್ರಿ ಫೋನ್ ಮಾಡಿ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಮಗುವಿಗೆ ಊಟ ಮಾಡಿಸುತ್ತಲೇ ಬರೆದುಕೊಂಡೆ. ಅಜ್ಜಿ ತೀರಿಕೊಂಡಿದ್ದರು, ಅಜ್ಜ ಇದ್ದರು. ನಾನು ‘ಲಿಂ.’ ಹಾಕಿದ್ದು ಅಜ್ಜನ ಹೆಸರಿಗೆ. ಮಾದರಿ ನೋಡಿ ‘ಚಲೋ ಆಗೇತಿ’ ಎಂದು ಫೋನಿನಲ್ಲೇ ಒಪ್ಪಿದರು. 400 ಪತ್ರಿಕೆ ಅಚ್ಚಾಗಿ, ಮೊದಲನೆಯದನ್ನು ದೇವರ ಮುಂದಿಟ್ಟು ಪೂಜೆ ಮಾಡಿ ಅಜ್ಜನ ಕೈಗೆ ಕೊಟ್ಟರಂತೆ. ಓದಿದ್ದು ಅವರೇ. ಮೊಮ್ಮಗಳ ಲಗ್ನಪತ್ರಿಕೆಯಲ್ಲಿ ತಾನು ಲಿಂಗೈಕ್ಯನಾಗಿದ್ದೇನೆಂದು ಓದಿದ ಆ ಹಿರಿಯ ಜೀವಕ್ಕೆ ಹೇಗಾಗಿರಬೇಡ! ನನ್ನ ದುಡ್ಡಿನಲ್ಲೇ ಮತ್ತೆ ಅಚ್ಚು ಹಾಕಿಸಿಕೊಟ್ಟೆ. ಅವರು ಹೇಳಿದ್ದು ತಪ್ಪೋ ನಾನು ಕೇಳಿಸಿಕೊಂಡಿದ್ದು ತಪ್ಪೋ, ನೋಡೋಣವೆಂದರೆ ಅವರು ಬರೆದು ಕಳಿಸಿದ್ದು ಒಂದಕ್ಷರವೂ ಇರಲಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಹಿರಿಯರಿಗೆ ‘ಟೈಪ್ ಮಾಡಿ ಕಳಿಸಿ’ ಎನ್ನುವುದಿಲ್ಲ. ಅವರು ಫೋನಿನಲ್ಲೇ ಹೇಳಲಿ, ವಾಯ್ಸ್ ಮೆಸೇಜ್ ಬೇಕಾದರೂ ಕಳಿಸಲಿ. ಕೇಳಿದ ಮೇಲೆ ನಾನೇ ಟೈಪ್ ಮಾಡಿ ವಾಪಸ್ ಕಳಿಸುತ್ತೇನೆ: ‘ಅಣ್ಣಾ, ನೀವು ಹೇಳಿದ್ದು ಹೀಗಿದೆ. ಮುಹೂರ್ತ ಭಾನುವಾರ ಬೆಳಿಗ್ಗೆ 10.20, ಆರತಕ್ಷತೆ ಶನಿವಾರ ಸಂಜೆ 7. ಅಜ್ಜಿ ಇಲ್ಲ, ಅಜ್ಜ ಇದ್ದಾರೆ. ಸರಿ ಇದ್ದರೆ ಸರಿ ಎಂದು ಬರೆಯಿರಿ.’ ಹೆಬ್ಬೆರಳಿನ ಚಿತ್ರ ಕಳಿಸಿದರೆ ಮುಂದುವರಿಯುವುದಿಲ್ಲ. ‘ಸರಿ’ ಎಂಬ ಎರಡಕ್ಷರ ಬಂದ ಮೇಲೆಯೇ ಫೈಲ್ ಪ್ರೆಸ್‌ಗೆ ಹೋಗುತ್ತದೆ. ಆ ‘ಸರಿ’ ಯಾರು ಬರೆಯಬೇಕೆಂಬುದನ್ನೂ ಮೊದಲೇ ಕೇಳಿಡಿ. ಇಲ್ಲದಿದ್ದರೆ ತಂದೆ ಒಪ್ಪಿದ್ದನ್ನು ಬೆಂಗಳೂರಿನ ಮಗ ಬದಲಿಸುತ್ತಾನೆ, ಮಗ ಬದಲಿಸಿದ್ದನ್ನು ದುಬೈನ ಅಕ್ಕ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರು ವಾಟ್ಸಾಪ್‌ನಲ್ಲಿ ಬರೆಯುವ ಕನ್ನಡ ಯುನಿಕೋಡ್, ಅಂದರೆ ಈಗ ಎಲ್ಲ ಫೋನುಗಳಲ್ಲೂ ಇರುವ ಅಕ್ಷರ ಸಂಕೇತ. ಹಳೆಯ ನುಡಿ ಫಾಂಟ್‌ಗಳ ಸಂಕೇತವೇ ಬೇರೆ, ನೀವು ಅವುಗಳಲ್ಲಿ ಕೆಲಸ ಮಾಡುವವರಾದರೆ ಪರಿವರ್ತಕಕ್ಕೆ ಹಾಕಬೇಕು, ಅಲ್ಲಿ ಅರ್ಕಾವತ್ತು, ಒತ್ತಕ್ಷರ ಜಾರುವುದುಂಟು. ‘ರಾಜ್‌ಕುಮಾರ್’ ಹೆಸರಿನಲ್ಲಿ ಜ್, ಕು ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿರುತ್ತದೆ. ಅದು ಬಿಟ್ಟುಹೋದರೆ ‘ರಾಜ್ಕುಮಾರ್’ ಆಗಿ, ಕ ಹೋಗಿ ಜ ಕೆಳಗೆ ಒತ್ತಾಗಿ ಕೂರುತ್ತದೆ. ಆ ಮನೆಯ ಹಳೆಯ ಲಗ್ನಪತ್ರಿಕೆಯೇನಾದರೂ ಇದ್ದರೆ ಅದರ ಫೋಟೊ ತರಿಸಿಕೊಳ್ಳಿ. ಮನೆತನದ ಹೆಸರನ್ನು ಅವರು ಹೇಗೆ ಬರೆಯುತ್ತಾರೆ, ಹುಡುಗಿಗೆ ‘ಚಿ|| ಸೌ||’ ಹಾಕುತ್ತಾರೋ ‘ಚಿ|| ಕುಂ|| ಸೌ||’ ಹಾಕುತ್ತಾರೋ ಎಲ್ಲ ಅದರಲ್ಲೇ ಸಿಗುತ್ತದೆ. ಯುನಿಕೋಡ್‌ನಲ್ಲೇ ಕೆಲಸ ಮಾಡುವುದಾದರೆ ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು.

ದುಡ್ಡಿಗೆ ನಾಚಿಕೆ ಬೇಡ. ಅರ್ಧ ಮುಂಗಡ ಬಂದ ಮೇಲೆ ಕೆಲಸ ಶುರು, ಬಾಕಿ ಬಂದ ಮೇಲೆ ಪೂರ್ತಿ ಫೈಲ್. ಅಲ್ಲಿಯವರೆಗೆ ಕಳಿಸುವ ಮಾದರಿಯ ಮೇಲೆ ನಿಮ್ಮ ಹೆಸರು ಅಡ್ಡ ಬಂದಿರಲಿ. ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಇಷ್ಟು ಎಂದು ಮೊದಲ ದಿನವೇ ಬರೆದು ತಿಳಿಸಿ. ನಡುವೆ ಹೇಳಿದರೆ ಜಗಳವಾಗುತ್ತದೆ. ಮೊಬೈಲ್ ಪರದೆಯಲ್ಲಿ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತದೆ, ಇದನ್ನೂ ಆಗಲೇ ಹೇಳಿಬಿಡಿ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದ್ದು ಕುಗ್ಗುತ್ತದೆ, ಹಾಗಾಗಿ ಅವರೂ ನೀವೂ ಡಾಕ್ಯುಮೆಂಟ್ ಆಗಿಯೇ ಕಳಿಸಿಕೊಳ್ಳಿ.

ಮೊದಲ ಆರ್ಡರ್ ಹಿಡಿಯುವ ಮುನ್ನ ನಿಮ್ಮೂರಿನ ಒಂದು ಪ್ರೆಸ್‌ಗೆ ಹೋಗಿ ಬನ್ನಿ. ಅವರ ಹತ್ತಿರ ಯಾವ ಕೋರೆಲ್ ಆವೃತ್ತಿಯಿದೆ, ಅಂಚಿನಲ್ಲಿ ಕತ್ತರಿಸಲು ಎಷ್ಟು ಮಿಲಿಮೀಟರ್ ಬಿಡಬೇಕು ಎಂದು ಕೇಳಿ. ಹೊಸ ಆವೃತ್ತಿಯಲ್ಲಿ ಹಾಗೆಯೇ ಉಳಿಸಿದ ಫೈಲ್ ಸಾಮಾನ್ಯವಾಗಿ ಹಳೆಯದರಲ್ಲಿ ತೆರೆಯುವುದಿಲ್ಲ. ಅಕ್ಷರಗಳನ್ನು ಕರ್ವ್ಸ್ ಮಾಡದೆ, ಅಂದರೆ ಫಾಂಟ್ ಬೇಡದ ಗೆರೆಗಳಾಗಿ ಬದಲಿಸದೆ, ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಕನ್ನಡವೇ ಕೆಟ್ಟುಹೋಗುತ್ತದೆ. ಕರ್ವ್ಸ್ ಮಾಡುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳಿ, ತಂಗಿಯ ಮದುವೆಗೂ ಅದೇ ಮನೆಯವರು ಬರುತ್ತಾರೆ.