ಕಿಟ್ ಆಮೇಲೆ ನೋಡೋಣ, ಮೊದಲು ಕಸೂತಿಯ ಮುರ್ಗಿ ಹಾಕಿಸಿ

ಸರ್, ಇಳಕಲ್ ಹತ್ತಿರದ ಶಾಲೆ, ಐದನೇ ತರಗತಿಯಲ್ಲಿ 32 ಮಕ್ಕಳು, ಒಂದೇ ಲ್ಯಾಪ್‌ಟಾಪ್, ನೆಟ್ ಇಲ್ಲ. ಸ್ಟೀಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತ ಸೇರಿಸಿ) ಕಲಿಸಲು ರೊಬೊಟಿಕ್ಸ್ ಕಿಟ್ ತರಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಒಂದು ಕಿಟ್ ತಂದರೆ ಇಬ್ಬರು ಜೋಡಿಸುತ್ತಾರೆ, ಮೂವತ್ತು ಜನ ಇಣುಕುತ್ತಾರೆ.

ಲ್ಯಾಪ್‌ಟಾಪ್‌ಗೆ ಸ್ಕ್ರ್ಯಾಚ್ ಹಾಕಿಕೊಳ್ಳಿ, ಬ್ಲಾಕ್ ಜೋಡಿಸಿ ಮಕ್ಕಳು ಪ್ರೋಗ್ರಾಮ್ ಮಾಡುವ ತಂತ್ರಾಂಶ ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಉಚಿತ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಆದರೆ ಮೊದಲ ದಿನ ಅದನ್ನು ತೆರೆಯಲೇಬೇಡಿ. ಚೌಕದ ಹಾಳೆ ಕೊಟ್ಟು ಕಸೂತಿಯ ಮುರ್ಗಿ ಬಿಡಿಸಲು ಹೇಳಿ. ಕಸೂತಿ ಬಲ್ಲ ಅಜ್ಜಿ ಯಾರಾದರೂ ಇದ್ದರೆ ಕರೆದು ಕೂರಿಸಿ, ನಮಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ಮುರ್ಗಿ ಅಂದರೆ ಎಳೆ ಎಣಿಸಿ ಹಾಕುವ ಹೊಲಿಗೆ, ಮೆಟ್ಟಿಲಿನ ಹಾಗೆ ಹೋಗುತ್ತದೆ. ಮಕ್ಕಳು ಬಾಯಲ್ಲೇ ಹೇಳಲಿ: ಎರಡು ಮನೆ ಮುಂದೆ, ಎಡಕ್ಕೆ ತಿರುಗು, ಎರಡು ಮನೆ ಮುಂದೆ, ಬಲಕ್ಕೆ ತಿರುಗು.

ಮರುದಿನ ಸ್ಕ್ರ್ಯಾಚ್‌ನಲ್ಲಿ ಗೆರೆ ಎಳೆಯುವ ಪೆನ್ ಎಕ್ಸ್‌ಟೆನ್ಷನ್ ಸೇರಿಸಿ, ಮೊದಲು 'ಪೆನ್ ಡೌನ್' ಬ್ಲಾಕ್ ಹಾಕಿಸಿ. ಅದೇ ಮಾತನ್ನು ಬ್ಲಾಕ್‌ಗಳಲ್ಲಿ ಜೋಡಿಸಲಿ: 20 ಹೆಜ್ಜೆ, ಎಡಕ್ಕೆ 90 ಡಿಗ್ರಿ, 20 ಹೆಜ್ಜೆ, ಬಲಕ್ಕೆ 90 ಡಿಗ್ರಿ. ಇಷ್ಟನ್ನು 8 ಸಲ. ಅಷ್ಟೇ, ಪರದೆ ಮೇಲೆ ಮುರ್ಗಿ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಎರಡೂ ಸಲ ಎಡಕ್ಕೇ ತಿರುಗಿಸಿಬಿಟ್ಟಳು. ಪೆನ್ ಒಂದೇ ಚೌಕದ ಮೇಲೆ ಗಾಣದ ಎತ್ತಿನಂತೆ ಸುತ್ತಿತು. ಎಲ್ಲರೂ ನಕ್ಕರು. ನನಗೆ ಹೇಳಿಕೊಡುವ ಆಸೆ ಜಾಸ್ತಿ, ಆದರೂ ಸುಮ್ನೆ ಕೂತೆ. ಅವಳು ಎದ್ದು ಹೋಗಿ ನೆಲದ ಫರ್ಸಿ ಮೇಲೆ ನಡೆದು ನೋಡಿದಳು. ಎರಡನೇ ತಿರುವಿಗೆ ನಿಂತು, "ಸರ್, ಇಲ್ಲಿ ಬಲಕ್ಕೆ!" ಅಂದಳು.

ಒಂದು ಸಲಕ್ಕೆ ನಾಲ್ವರು ಲ್ಯಾಪ್‌ಟಾಪ್ ಮುಂದೆ, ಉಳಿದವರು ಹಾಳೆಯಲ್ಲಿ ಹೊಸ ನಮೂನೆ ಮಾಡಲಿ. ಚಾರ್ಜ್ ಮಾತ್ರ ಮನೆಯಿಂದಲೇ ಮಾಡಿಕೊಂಡು ಹೋಗಿ, ಕರೆಂಟ್ ನಂಬೋ ಹಾಗಿಲ್ಲ ಅಲ್ವಾ.