ಗಿರಣಿ ಕೂಲಿಗಳ ಚರಿತ್ರೆಗೆ ದಾಖಲೆ ಎಲ್ಲಿ ಹುಡುಕೋದು?

ದಾವಣಗೆರೆಯ ಹತ್ತಿ ಗಿರಣಿ ಕೂಲಿಗಳ ಬಗ್ಗೆ ಬರೆಯಲು ಹೊರಟರೆ ಬರೀ ಮಾಲೀಕರ ಹೆಸರೇ ಸಿಗುತ್ತಿದೆ ಅಂದಿರಲ್ಲ, ಬಹುಶಃ ನೀವು ಸ್ಮರಣ ಸಂಚಿಕೆಗಳಲ್ಲೇ ಹುಡುಕುತ್ತಿದ್ದೀರಿ. ಅವೆಲ್ಲ ದುಡ್ಡಿದ್ದವರು ಬರೆಸಿದ್ದು. ಕೂಲಿಯವರ ಹೆಸರು ಕಾಗದಕ್ಕೆ ಬರುವುದು ಜಗಳವಾದಾಗ. 1947ರ ಕೈಗಾರಿಕಾ ವಿವಾದ ಕಾಯ್ದೆಯಡಿ ಬಂದ ತೀರ್ಪುಗಳನ್ನು ಸರ್ಕಾರ ಪ್ರಕಟಿಸಬೇಕಿತ್ತು, ಹಾಗಾಗಿ ಮೊದಲು ಸರ್ಕಾರಿ ಗೆಜೆಟ್‌ನ ಹಳೇ ಸಂಪುಟ ನೋಡಿ, 1973ಕ್ಕೆ ಮುಂಚಿನದು ಮೈಸೂರು ಹೆಸರಲ್ಲಿರುತ್ತದೆ. ಯಾರನ್ನು ಯಾಕೆ ಕೆಲಸದಿಂದ ತೆಗೆದರು, ಕೂಲಿ ಎಷ್ಟಿತ್ತು, ಇದೆಲ್ಲ ಅಲ್ಲಿ ಸಿಗಬಹುದು. ಇನ್ನೊಂದು, ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಜನಗಣತಿ ಕೈಪಿಡಿಯನ್ನು ಚಿತ್ರದುರ್ಗದ ಹೆಸರಲ್ಲಿ ಕೇಳಿ.

ಆಮೇಲೆ ಜನರ ಹತ್ತಿರ ಹೋಗಿ. "ಮಿಲ್ ಹೇಗಿತ್ತು" ಅಂತ ಕೇಳಬೇಡಿ, ಸುಮ್ನೆ "ಚೆನ್ನಾಗಿತ್ತಪ್ಪ" ಅಂದುಬಿಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಯಾವ ದಾರಿಯಲ್ಲಿ ಬರುತ್ತಿದ್ದಿರಿ, ಸಂಬಳ ಯಾರ ಕೈಗೆ ಕೊಡುತ್ತಿದ್ದಿರಿ, ಕುಡಿಯುವ ನೀರಿನ ಲೋಟ ಎಲ್ಲರಿಗೂ ಒಂದೇನಾ ಅಂತ ಕೇಳಿ. ಕೊನೆಯದಕ್ಕೆ ಮಾತು ಹಾರಿಸಿದರೆ ಅದನ್ನೂ ಬರೆದುಕೊಳ್ಳಿ. ಹೆಂಗಸರನ್ನು ಬೇರೆಯಾಗಿಯೇ ಮಾತಾಡಿಸಿ, ಗಂಡಸರು ಎದುರಿಗಿದ್ದರೆ ಜಾಸ್ತಿ ಬಾಯಿ ಬಿಡುವುದಿಲ್ಲ. ಊರಿನ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ದುಡಿಯುವವರನ್ನೂ ಮಾತಾಡಿಸದೆ ಬಿಡಬೇಡಿ. ಇಸವಿ ನೆನಪಿಲ್ಲ ಅಂದರೆ ಮನೆಯ ಮದುವೆ, ಬರಗಾಲದ ಜೊತೆ ತಾಳೆ ಹಾಕಿ. ಹೆಸರು ಹಾಕಲು ಒಪ್ಪಿಗೆ ಮಾತ್ರ ಮೊದಲೇ ಕೇಳಿಬಿಡಿ.