ಅಡುಗೆಮನೆ ಪ್ರಶ್ನೋತ್ತರ: ಚೀಸ್ ಫಾಂಡ್ಯೂಗೆ ಸಣ್ಣ ಉರಿ, ಸ್ವಲ್ಪ ಹುಳಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಸ್ವಿಟ್ಜರ್‌ಲೆಂಡಿನ ಚೀಸ್ ಫಾಂಡ್ಯೂ ಬಗ್ಗೆಯೇ ಇವೆ. ಮೇಜಿನ ನಡುವೆ ಸಣ್ಣ ಉರಿಯ ಮೇಲೆ ಕರಗಿದ ಚೀಸಿನ ಪಾತ್ರೆ, ಸುತ್ತ ಕುಳಿತವರ ಕೈಯಲ್ಲಿ ಉದ್ದನೆಯ ಫೋರ್ಕು, ಫೋರ್ಕಿನ ತುದಿಗೆ ಬ್ರೆಡ್ ತುಂಡು. ಅದ್ದುವುದು, ತಿನ್ನುವುದು, ಮಾತಾಡುವುದು, ಇಷ್ಟೇ ಅದರ ಕ್ರಮ. ಮಾಡುವುದು ಕಷ್ಟವಲ್ಲ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಬಂದ ಪ್ರಶ್ನೆಗಳಲ್ಲಿ ಒಂದೇ ತೆರನವನ್ನು ಕೂಡಿಸಿ ಉತ್ತರಿಸಿದ್ದೇವೆ.

ಮನೆಗೆ ಎಂಟು ಮಂದಿ ಗೆಳತಿಯರು ಬರುವವರಿದ್ದಾರೆ. ಗ್ರುಯೇರ್ ಚೀಸ್ ಹತ್ತಿರದ ಅಂಗಡಿಗಳಲ್ಲಿ ಸಿಗಲಿಲ್ಲ, ಫಾಂಡ್ಯೂ ಪಾತ್ರೆಯೂ ನಮ್ಮಲ್ಲಿಲ್ಲ. ಸಿಗುವ ಸಾಮಾನಿನಲ್ಲೇ ಮಾಡಬಹುದೇ? ಅಳತೆ ಹೇಳಿ.
– ಓದುಗರು, ತಿಳಕವಾಡಿ, ಬೆಳಗಾವಿ

ಧಾರಾಳವಾಗಿ ಮಾಡಬಹುದು. ಎಂಟು ಜನಕ್ಕೆ ಒಂದು ದೊಡ್ಡ ಪಾತ್ರೆಗಿಂತ ನಾಲ್ಕು ನಾಲ್ಕು ಜನಕ್ಕೆ ಎರಡು ಪಾತ್ರೆ ಇಡಿ. ಒಂದಕ್ಕೆ ಐದಾರು ಮಂದಿ ಕೂತರೆ ಫೋರ್ಕುಗಳು ಒಂದಕ್ಕೊಂದು ತಾಗುತ್ತವೆ, ದೂರ ಕೂತವರ ಬ್ರೆಡ್ಡಿನಿಂದ ಚೀಸ್ ಮೇಜಿನ ಮೇಲೆ ಸೋರುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಅದೇ ರಾತ್ರಿಯ ಊಟ, ಹಾಗಾಗಿ ತಲೆಗೆ 200 ಗ್ರಾಂ ಚೀಸ್ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಸಿಗುವ ಸಂಸ್ಕರಿಸಿದ ಚೀಸಿನಲ್ಲಿ ಉಪ್ಪು ಹೆಚ್ಚು, ತಲೆಗೆ 100 ಗ್ರಾಂ ಸಾಕು.

ನಾಲ್ಕು ಜನದ ಒಂದು ಪಾತ್ರೆಗೆ: ಅಮುಲ್, ನಂದಿನಿ, ಬ್ರಿಟಾನಿಯಾ ಯಾವುದಾದರೂ ಸಂಸ್ಕರಿಸಿದ ಚೀಸ್ 250 ಗ್ರಾಂ (ಗಟ್ಟಿಯಾಗಿ ಇಡಿಯಾಗಿ ಬರುವುದು, ಡಬ್ಬಿಯಲ್ಲಿ ಬರುವ ಸ್ಪ್ರೆಡ್ ಬೇಡ), ಮೊಝರೆಲ್ಲಾ 100 ಗ್ರಾಂ, ಗೌಡಾ ಅಥವಾ ಚೆಡ್ಡಾರ್ 50 ಗ್ರಾಂ. ಕಾರ್ನ್‌ಫ್ಲೋರ್ 2 ಟೀ ಚಮಚೆ, ಹಾಲು 200 ಮಿಲಿ, ಬಳ್ಳೊಳ್ಳಿ 1 ಎಸಳು, ಕರಿಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಉಪ್ಪು ಹಾಕಲೇಬೇಡಿ. ಗೌಡಾ ಸಿಗದಿದ್ದರೆ ಸಂಸ್ಕರಿಸಿದ ಚೀಸನ್ನೇ 300 ಗ್ರಾಂ ಮಾಡಿ, ಮೊಝರೆಲ್ಲಾ ಹೆಚ್ಚಿಸಬೇಡಿ. ಅದು ಮೂರನೆಯ ಒಂದು ಪಾಲು ದಾಟಿದರೆ ನೂಲು ಎಳೆದಂತೆ ಬರುತ್ತದೆ, ತಣ್ಣಗಾದರೆ ರಬ್ಬರಾಗುತ್ತದೆ. ಇನ್ನೊಂದು ಮಾತು: ಕಾರ್ನ್‌ಫ್ಲೋರ್ ಎಂದರೆ ಅಚ್ಚ ಬಿಳಿಯ ನುಣ್ಣನೆಯ ಪಿಷ್ಟ. ಗಿರಣಿಯಲ್ಲಿ ಬೀಸಿದ ಗೋವಿನಜೋಳದ ಹಿಟ್ಟು ಹಾಕಿದರೆ ತರಿತರಿಯಾಗುತ್ತದೆ.

ಚೀಸನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ, ಗಟ್ಟಿಯಿರುವಾಗಲೇ ತುರಿಯಿರಿ. ತುರಿಗೆ ಕಾರ್ನ್‌ಫ್ಲೋರ್ ಉದುರಿಸಿ ಕೈಯಲ್ಲಿ ಹಗುರಾಗಿ ಕಲಸಿ, ಅರ್ಧ ತಾಸು ಹೊರಗಿಡಿ. ತಣ್ಣನೆಯ ಚೀಸ್ ಬಿಸಿ ಹಾಲಿಗೆ ಬಿದ್ದರೆ ಹೊರಭಾಗ ಕರಗಿ ಒಳಭಾಗ ಗಂಟಾಗಿ ಉಳಿಯುತ್ತದೆ. ಮಂದ ತಳದ ಸಣ್ಣ ಪಾತ್ರೆಯ ಒಳಗೆಲ್ಲ ಬಳ್ಳೊಳ್ಳಿ ಎಸಳು ಉಜ್ಜಿ, ಹಾಲು ಹಾಕಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವತನಕ ಕಾಯಿಸಿ. ಈಗ ಉರಿಯನ್ನು ಪೂರ್ತಿ ಸಣ್ಣದು ಮಾಡಿ. ಒಂದು ಹಿಡಿ ತುರಿ ಹಾಕುವುದು, ಅದು ಕರಗಿದ ಮೇಲೆಯೇ ಇನ್ನೊಂದು ಹಿಡಿ. ಕಟ್ಟಿಗೆಯ ಸೌಟನ್ನು ಗುಂಡಗೆ ತಿರುಗಿಸದೆ ಅಡ್ಡಾದಿಡ್ಡಿ, ತಳ ಮುಟ್ಟುವಂತೆ ಆಡಿಸಿ. ಗುಂಡಗೆ ತಿರುಗಿಸಿದರೆ ಮೊಝರೆಲ್ಲಾ ಸೌಟಿಗೆ ಸುತ್ತಿಕೊಳ್ಳುತ್ತದೆ. ಎಲ್ಲ ಸೇರಲು ಹತ್ತು ನಿಮಿಷವಾದರೂ ಬೇಕು. ಕೊನೆಯಲ್ಲಿ ಒಂದೆರಡು ಗುಳ್ಳೆ ಮೇಲೆ ಬರುವಷ್ಟು ಮಾತ್ರ ಕಾಯಲಿ, ಪಿಷ್ಟ ಉಬ್ಬಿ ಹಿಡಿಯಲು ಅಷ್ಟು ಬಿಸಿ ಬೇಕು. ಕುದಿಯಲು ಬಿಡಬೇಡಿ. ಮೆಣಸು, ಜಾಯಿಕಾಯಿ ಹಾಕಿ ಇಳಿಸಿ. ಪಿಠ್ಲದ ಹದಕ್ಕೆ ಬಂದಿದ್ದರೆ ಸರಿ. ಮೇಜಿಗೆ ಹೋದ ಮೇಲೆ ಗಟ್ಟಿಯಾಗುತ್ತಲೇ ಇರುತ್ತದೆ, ಆದ್ದರಿಂದ ಅರ್ಧ ಬಟ್ಟಲು ಬಿಸಿ ಹಾಲು ಪಕ್ಕದಲ್ಲಿರಲಿ.

ದೊಡ್ಡ ಊರಿನಿಂದ ತರಿಸಿದ ಎಮೆಂಟಾಲ್ ಮತ್ತು ಗೌಡಾ ಹಾಕಿ ಮಾಡಿದೆವು. ಚೀಸ್ ಒಂದು ಕಡೆ ಉಂಡೆಯಾಗಿ, ಮೇಲೆ ಎಣ್ಣೆ ತೇಲಿತು. ಏಕೆ? ಸರಿಪಡಿಸಬಹುದಿತ್ತೇ?
– ಓದುಗರು, ನವನಗರ, ಬಾಗಲಕೋಟೆ

ಫಾಂಡ್ಯೂ ಕೆಡುವುದು ಹೆಚ್ಚಾಗಿ ಹೀಗೆಯೇ, ಇದರ ಕಾರಣ ತಿಳಿದರೆ ಉಳಿದ ತೊಂದರೆಗಳೂ ಅರ್ಥವಾಗುತ್ತವೆ. ಚೀಸ್ ಎಂದರೆ ಹಾಲಿನ ಕೇಸಿನ್ ಎಂಬ ಪ್ರೋಟೀನಿನ ಬಲೆ. ಆ ಬಲೆಯನ್ನು ಹಿಡಿದಿರುವುದು ಕ್ಯಾಲ್ಸಿಯಂ, ಬಲೆಯೊಳಗೆ ಸಿಕ್ಕಿರುವುದು ಕೊಬ್ಬು ಮತ್ತು ನೀರು. ಹದವಾದ ಬಿಸಿಗೆ ಬಲೆ ಸಡಿಲವಾಗಿ ಚೀಸ್ ಹರಿಯುತ್ತದೆ. ಬಿಸಿ ಮಿತಿಮೀರಿದರೆ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ, ಒಳಗಿನ ನೀರು ಮತ್ತು ಕೊಬ್ಬನ್ನು ಹೊರಗೆ ಹಿಂಡುತ್ತವೆ. ನಿಮ್ಮ ಪಾತ್ರೆಯಲ್ಲಿ ಕಂಡ ಉಂಡೆ ಆ ಪ್ರೋಟೀನು, ತೇಲಿದ ಎಣ್ಣೆ ಚೀಸಿನದೇ ಕೊಬ್ಬು.

ಇದನ್ನು ತಡೆಯಲು ಉರಿ ಸಣ್ಣದಿರಬೇಕು, ಪಿಷ್ಟವಿರಬೇಕು, ಹುಳಿ ಇರಬೇಕು. ಪಿಷ್ಟ ನಡುವೆ ಸೇರಿ ಪ್ರೋಟೀನು ಕೂಡದಂತೆ, ಕೊಬ್ಬು ಒಂದಾಗದಂತೆ ನೋಡಿಕೊಳ್ಳುತ್ತದೆ. ವೈನಿನ ಅಥವಾ ನಿಂಬೆಯ ಹುಳಿ ಕ್ಯಾಲ್ಸಿಯಂ ಅನ್ನು ಹಿಡಿದು ಬಲೆಯನ್ನು ಸಡಿಲಿಸುತ್ತದೆ. ಸಂಸ್ಕರಿಸಿದ ಚೀಸ್ ಇಷ್ಟು ಸುಲಭವಾಗಿ ಒಡೆಯುವುದಿಲ್ಲ, ಏಕೆಂದರೆ ಅದರಲ್ಲಿ ಈ ಕೆಲಸಕ್ಕೆಂದೇ ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟಿನಂಥ ಲವಣ ಸೇರಿರುತ್ತದೆ. ಆ ವಿಧಾನ ಕಂಡುಹಿಡಿದದ್ದೂ ಸ್ವಿಸ್ಸರೇ, 1911ರಲ್ಲಿ ಥೂನ್ ಎಂಬ ಊರಿನಲ್ಲಿ. ಹೀಗಿರುವಾಗ ನಮ್ಮ ಅಂಗಡಿಯ ಚೀಸ್ ಹಾಕುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಒಡೆದದ್ದನ್ನು ಉಳಿಸಲು: ಕೂಡಲೇ ಕೆಳಗಿಳಿಸಿ. ಒಂದು ಟೀ ಚಮಚೆ ಕಾರ್ನ್‌ಫ್ಲೋರನ್ನು ಎರಡು ಚಮಚೆ ತಣ್ಣೀರು ಮತ್ತು ಒಂದು ಚಮಚೆ ನಿಂಬೆರಸದಲ್ಲಿ (ಹಾಲು ಹಾಕಿ ಮಾಡಿದ್ದರೆ ನಿಂಬೆರಸ ಬೇಡ) ಕದಡಿ ಹಾಕಿ, ಸಣ್ಣ ಉರಿಗೆ ತಂದು ತಂತಿಯ ಕಡೆಗೋಲಿನಿಂದ ಜೋರಾಗಿ ಕಡೆಯಿರಿ. ಸಂಸ್ಕರಿಸಿದ ಚೀಸಿನ ಒಂದೆರಡು ಕ್ಯೂಬು ತುರಿದು ಹಾಕಿದರೆ ಇನ್ನೂ ಬೇಗ ಕೂಡುತ್ತದೆ, ಅದರ ಲವಣ ಉಳಿದ ಚೀಸಿಗೂ ಕೆಲಸ ಮಾಡುತ್ತದೆ. ಇಷ್ಟಾದರೂ ಮರಳುಮರಳಾಗಿಯೇ ಉಳಿದರೆ ಬಿಡಿ. ಬೆಂದ ಆಲೂಗಡ್ಡೆಯ ಮೇಲೆ ಸುರಿದು ಓವನ್ನಿನಲ್ಲಿ ಕೆಂಪಗೆ ಮಾಡಿ, ತಿನ್ನಲು ಚೆನ್ನಾಗಿರುತ್ತದೆ.

ಮುಂದಿನ ಸಲಕ್ಕೆ ನಿಮ್ಮ ಚೀಸಿನ ಅಳತೆ: ಎಮೆಂಟಾಲ್ 250 ಗ್ರಾಂ, ಗೌಡಾ 250 ಗ್ರಾಂ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚೆ ತುಂಬ, ಹುಳಿ ಇರುವ ದ್ರವ 200 ಮಿಲಿ. ದ್ರವ ಯಾವುದು ಎಂಬುದಕ್ಕೆ ಮುಂದಿನ ಉತ್ತರ ನೋಡಿ.

ನಮ್ಮ ಮನೆಯಲ್ಲಿ ವೈನ್ ನಡೆಯುವುದಿಲ್ಲ. ಹಾಲು ಹಾಕಿ, ಹುಳಿಗೆ ನಿಂಬೆ ಹಿಂಡಿದೆವು, ಒಡೆಯಿತು. ಬೇರೆ ದಾರಿ ಏನು?
– ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಬಿಸಿ ಹಾಲಿಗೆ ನಿಂಬೆ ಹಿಂಡುವುದು ಪನೀರು ಮಾಡುವ ವಿಧಾನ, ಒಡೆಯಲೇಬೇಕು. ಹಾಲು ಹಾಕಿದರೆ ನಿಂಬೆ ಬೇಡ, ನಿಂಬೆ ಹಾಕಿದರೆ ಹಾಲು ಬೇಡ. ಸಂಸ್ಕರಿಸಿದ ಚೀಸಿಗೆ ಹಾಲು ಸಾಕು. ಎಮೆಂಟಾಲ್, ಗೌಡಾ, ಚೆಡ್ಡಾರಿನಂಥ ಚೀಸಿಗೆ 170 ಮಿಲಿ ನೀರಿಗೆ 30 ಮಿಲಿ, ಅಂದರೆ ಎರಡು ದೊಡ್ಡ ಚಮಚೆ ನಿಂಬೆರಸ ಹಾಕಿ. ನಿಮ್ಮೂರಿನ ನಿಂಬೆ ಇದಕ್ಕೆ ಬಹಳ ಒಳ್ಳೆಯದು. ಬೀಜ, ತಿರುಳು ಬಾರದಂತೆ ಸೋಸಿಕೊಳ್ಳಿ. ಸ್ವಲ್ಪ ಹಣ್ಣಿನ ರುಚಿ ಬೇಕೆಂದರೆ ಪೂರ್ತಿ ಮಾಗದ, ಹುಳಿ ಇರುವ ಹಸಿರು ದ್ರಾಕ್ಷಿಯ ರಸ 100 ಮಿಲಿ, ನೀರು 80 ಮಿಲಿ, ನಿಂಬೆ 20 ಮಿಲಿ. ಪೊಟ್ಟಣದ ದ್ರಾಕ್ಷಿ ರಸದಲ್ಲಿ ಸಿಹಿ ಹೆಚ್ಚು, ಬೇಡ. ಮಜ್ಜಿಗೆಯೂ ಬೇಡ, ಬಿಸಿಗೆ ಒಡೆಯುತ್ತದೆ.

ವೈನಿಲ್ಲದ ಫಾಂಡ್ಯೂ ಕಡಿಮೆ ದರ್ಜೆಯದು ಎಂದುಕೊಳ್ಳಬೇಡಿ. ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್ ಕಡೆಯವರು ಗ್ರುಯೇರ್, ಎಮೆಂಟಾಲಿಗೆ ಬಿಳಿ ವೈನ್ ಹಾಕಿದರೆ, ಫ್ರಿಬೂರ್ಗಿನವರು ವಾಶ್ರೆನ್ ಎಂಬ ಮೆತ್ತನೆಯ ಚೀಸೊಂದನ್ನೇ ಬರೀ ನೀರಿನಲ್ಲಿ, ಬಹಳ ಸಣ್ಣ ಉರಿಯಲ್ಲಿ ಕರಗಿಸುತ್ತಾರೆ. ಅದೂ ಅಲ್ಲಿನ ಹಳೆಯ ಪದ್ಧತಿಯೇ.

ಮನೆಯಲ್ಲಿ ಮಾಡಿದ ಪನೀರನ್ನೇ ಕರಗಿಸಬಹುದಲ್ಲವೇ?
– ಓದುಗರು, ಮುಧೋಳ

ಆಗುವುದಿಲ್ಲ. ಕುದಿಸಿದ ಹಾಲನ್ನು ಹುಳಿಯಿಂದ ಒಡೆದು ಮಾಡಿದ ಪನೀರು ಎಷ್ಟು ಕಾಯಿಸಿದರೂ ಕರಗದು. ಸಣ್ಣ ಚೌಕ ಮಾಡಿ ಹುರಿದರೆ ಅದ್ದಿ ತಿನ್ನಲು ಬರುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಚೀಸಿನಲ್ಲಿ ಕರುವಿನ ಹೊಟ್ಟೆಯ ಅಂಶ ಇರುತ್ತದೆ ಎಂದು ಕೇಳಿದ್ದೇವೆ, ನಿಜವೇ?
– ಓದುಗರು, ಅಥಣಿ

ಕೆಲವು ಚೀಸಿನ ಮಟ್ಟಿಗೆ ನಿಜ. ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ಬರುತ್ತದೆ, ಸ್ವಿಟ್ಜರ್‌ಲೆಂಡಿನ ಅಸಲಿ ಗ್ರುಯೇರ್‌ಗೆ ಈಗಲೂ ಅದನ್ನೇ ಬಳಸುತ್ತಾರೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟೂ ಇದೆ, ಭಾರತದಲ್ಲಿ ಹಸಿರು ಗುರುತು ಹೊತ್ತು ಬರುವ ಚೀಸ್ ಅಂಥದ್ದರಿಂದ ಆದದ್ದು. ಪೊಟ್ಟಣದ ಮೇಲೆ ಆ ಗುರುತು ನೋಡಿಯೇ ಕೊಳ್ಳಿ. ವಿದೇಶದಿಂದ ಬಂದವರು ಕೊಟ್ಟ ಚೀಸಿನ ಮೇಲೆ ಗುರುತಿರುವುದಿಲ್ಲ, ಅದರ ಚೀಟಿಯಲ್ಲಿ ರೆನೆಟ್ ಯಾವುದೆಂದು ಓದಿ. ಬರೆದಿಲ್ಲವೆಂದರೆ ನಿಮ್ಮಂಥವರು ಬಿಡುವುದೇ ಸರಿ. ಅತಿಥಿಗಳಲ್ಲಿ ಯಾರಾದರೂ ಸಸ್ಯಾಹಾರಿಗಳಿದ್ದರೆ ಇದನ್ನು ಅವರಿಗೆ ಮೊದಲೇ ಹೇಳುವುದು ಆತಿಥೇಯರ ಜವಾಬ್ದಾರಿ.

ಎಲ್ಲರೂ ಒಂದೇ ಪಾತ್ರೆಗೆ ಅದ್ದಿದರೆ ಎಂಜಲಾಗುವುದಿಲ್ಲವೇ? ಹಿರಿಯರು ಕೂತರೆ ಹೇಗೆ?
– ಓದುಗರು, ಜಮಖಂಡಿ

ಸರಿಯಾಗಿ ತಿಂದರೆ ಆಗುವುದಿಲ್ಲ. ಉದ್ದನೆಯ ಫೋರ್ಕು ಅದ್ದುವುದಕ್ಕೆ ಮಾತ್ರ, ಬಾಯಿಗೆ ಒಯ್ಯುವುದಕ್ಕಲ್ಲ. ಅದ್ದಿ ತೆಗೆದ ತುಂಡನ್ನು ತಮ್ಮ ತಟ್ಟೆಗೆ ಇಳಿಸಿ, ಬೇರೆ ಚಮಚೆಯಿಂದಲೋ ಕೈಯಿಂದಲೋ ತಿನ್ನಬೇಕು. ಸ್ವಿಸ್ಸರಲ್ಲೂ ಫೋರ್ಕಿಗೆ ತುಟಿ ತಾಗಿಸದೆ ತಿನ್ನುವುದೇ ಮರ್ಯಾದೆ. ತಟ್ಟೆಗೆ ಇಳಿಸಿದರೆ ಇನ್ನೊಂದು ಲಾಭವಿದೆ, ಬಾಯಿ ಸುಡುವುದಿಲ್ಲ. ಕಚ್ಚಿದ ತುಂಡನ್ನು ಮತ್ತೆ ಅದ್ದುವಂತಿಲ್ಲ, ಹೀಗಾಗಿ ತುಂಡುಗಳು ಒಂದೇ ತುತ್ತಿನಷ್ಟಿರಲಿ. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿಬಿಡಿ. ಒಪ್ಪದ ಹಿರಿಯರಿಗೆ ಸಣ್ಣ ಬಟ್ಟಲಿನಲ್ಲಿ ಬೇರೆಯೇ ಹಾಕಿಕೊಡಿ, ಒತ್ತಾಯ ಬೇಡ.

ಅದ್ದಲು ಏನೇನು ಇಡಬೇಕು? ಜೋಳದ ರೊಟ್ಟಿ ನಡೆಯುತ್ತದೆಯೇ?
– ಓದುಗರು, ಗೋಕಾಕ ಮತ್ತು ಇಳಕಲ್ಲಿನಿಂದ ಇಬ್ಬರು

ಮೊದಲ ಸ್ಥಾನ ಬ್ರೆಡ್ಡಿನದು. ನಿನ್ನೆಯದಾಗಿರಬೇಕು, ಹೊರಮೈ ಗಟ್ಟಿಯಿರಬೇಕು, ಒಂದು ಇಂಚಿನ ತುಂಡು ಮಾಡುವಾಗ ಪ್ರತಿಯೊಂದಕ್ಕೂ ಹೊರಮೈ ಉಳಿಯಬೇಕು. ಮೆತ್ತನೆಯ ಕಡೆಯಿಂದ ಚುಚ್ಚಿ ಫೋರ್ಕು ಗಟ್ಟಿ ಮೈಯಲ್ಲಿ ನಿಲ್ಲುವಂತೆ ಮಾಡಿ, ಇಲ್ಲದಿದ್ದರೆ ತುಂಡು ಪಾತ್ರೆಯೊಳಗೇ ಉಳಿಯುತ್ತದೆ. ನಮ್ಮ ಲಾದಿ ಪಾವು ಹಾಗೇ ಅದ್ದಿದರೆ ಕರಗಿಹೋಗುತ್ತದೆ. ತುಂಡು ಮಾಡಿ ತವೆಯ ಮೇಲೆ ಎಣ್ಣೆಯಿಲ್ಲದೆ ಹುರಿದು ಒಣಗಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಫೋರ್ಕು ಇಲ್ಲದಿದ್ದರೆ ಉದ್ದನೆಯ ಬಿದಿರು ಕಡ್ಡಿ ನಡೆಯುತ್ತದೆ.

ಮೆತ್ತನೆಯ ಜೋಳದ ರೊಟ್ಟಿ ಬೇಡ, ಹರಿಯುತ್ತದೆ. ಖಡಕ್ ರೊಟ್ಟಿ ಬಹಳ ರುಚಿ, ಆದರೆ ಚುಚ್ಚಲು ಬಾರದು, ಪಾತ್ರೆಗೆ ಅದ್ದಿದರೆ ಚೂರು ಬೀಳುತ್ತದೆ. ತಮ್ಮ ತಟ್ಟೆಗೆ ಒಂದು ಚಮಚೆ ಚೀಸ್ ಹಾಕಿಕೊಂಡು ರೊಟ್ಟಿ ಚೂರಿನಿಂದ ಎತ್ತಿಕೊಳ್ಳಲಿ. ಸಣ್ಣ ಆಲೂಗಡ್ಡೆ ಸಿಪ್ಪೆಸಹಿತ ಬೇಯಿಸಿದ್ದು, ಮೂರ್ನಾಲ್ಕು ನಿಮಿಷ ಹಬೆಯಲ್ಲಿಟ್ಟ ಹೂಕೋಸು, ಗಜ್ಜರಿ ಚೆನ್ನಾಗಿರುತ್ತವೆ. ಬೆಂದ ಮೇಲೆ ಬಟ್ಟೆಯ ಮೇಲೆ ಹರವಿ ಒಣಗಿಸಲೇಬೇಕು, ಅಂಟಿದ ನೀರು ಚೀಸಿಗೆ ಸೇರಿ ನೀರಾಗಿಸುತ್ತದೆ, ಒದ್ದೆ ತುಂಡಿಗೆ ಚೀಸ್ ಹತ್ತುವುದೂ ಇಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ತಟ್ಟೆಯಲ್ಲಿರಲಿ, ಪಾತ್ರೆಗೆ ಬೇಡ. ಕೆಂಪು ಮೆಣಸಿನಕಾಯಿಯ ರಂಜಕ ಒಂದು ಚೂರು ಸವರಿಕೊಂಡರೆ ಚೀಸಿನ ಜಿಡ್ಡು ಮುರಿಯುತ್ತದೆ. ಸ್ವಿಸ್ಸರು ಇದಕ್ಕೇ ಹುಳಿ ಹಾಕಿದ ಎಳೆ ಸೌತೆ, ಸಣ್ಣ ಉಳ್ಳಾಗಡ್ಡಿ ಇಡುತ್ತಾರೆ. ನಾವು ಉಳ್ಳಾಗಡ್ಡಿ ಹೋಳಿಗೆ ಉಪ್ಪು, ನಿಂಬೆರಸ ಹಚ್ಚಿ ಅರ್ಧ ತಾಸು ಇಟ್ಟರಾಯಿತು.

ಮೇಜಿನ ಮೇಲೆ ಬಿಸಿ ಉಳಿಸುವುದು ಹೇಗೆ? ಕುಂಬಾರರ ಗಡಿಗೆ ಬಳಸಬಹುದೇ?
– ಓದುಗರು, ಸಿಂದಗಿ

ಇಂಡಕ್ಷನ್ ಒಲೆ ಇದ್ದರೆ ಅದೇ ಉತ್ತಮ: ತೀರ ಕಡಿಮೆ ಬಿಸಿಗೆ ಇಡಿ, ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಕರೆಂಟು ಹೋಗುವ ಭಯವಿದ್ದರೆ ದೊಡ್ಡ ಪಾತ್ರೆಯಲ್ಲಿ ಕುದಿದ ನೀರು ಹಾಕಿ, ಅದರೊಳಗೆ ಚೀಸಿನ ಪಾತ್ರೆ ಕೂರಿಸಿ, ನೀರು ತಣ್ಣಗಾದಂತೆ ಬದಲಿಸಿ. ಮುಕ್ಕಾಲಿಯ ಕೆಳಗೆ ಎರಡು ಮೂರು ಸಣ್ಣ ಮೇಣದ ದೀಪ ಇಟ್ಟರೂ ಕರಗಿದ ಚೀಸ್ ಬಿಸಿಯಿರುತ್ತದೆ, ಕರಗಿಸುವಷ್ಟು ಶಕ್ತಿ ಅವಕ್ಕಿಲ್ಲ. ಸ್ಪಿರಿಟ್ ಬರ್ನರ್ ಬಳಸುವವರು ಒಂದನ್ನು ಮರೆಯಬಾರದು: ಉರಿಯುತ್ತಿರುವಾಗ ಅಥವಾ ಬಿಸಿಯಿರುವಾಗ ಅದಕ್ಕೆ ಸ್ಪಿರಿಟ್ ಸುರಿಯಬೇಡಿ. ಅದರ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಮೇಲಿಂದ ಸುರಿದರೆ ಬಾಟಲಿಗೇ ಬೆಂಕಿ ಹತ್ತುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ತರಲೇಬೇಡಿ.

ಗಡಿಗೆ ನಡೆಯುತ್ತದೆ, ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಒಳ್ಳೆಯ ಮಂದ ತಳದ್ದು ಬೇಕು, ಅಡುಗೆ ಮಾಡಿ ಪಳಗಿದ್ದಾಗಿರಬೇಕು. ಉರಿಯ ಮೇಲೆ ನೇರ ಇಡದೆ ತವೆಯ ಮೇಲಿಟ್ಟು ನಿಧಾನ ಕಾಯಿಸಿ, ಬಿಸಿ ಗಡಿಗೆಗೆ ತಣ್ಣೀರು ತಾಗಿಸಬೇಡಿ, ಸೀಳುತ್ತದೆ. ತಲೆಮೇಲಿನ ಫ್ಯಾನ್ ಬಂದ್ ಮಾಡಿ, ಗಾಳಿಗೆ ಚೀಸಿನ ಮೇಲೆ ಕೆನೆಗಟ್ಟುತ್ತದೆ. ಅದಕ್ಕೇ ವಿಜಯಪುರದ ಏಪ್ರಿಲ್, ಮೇ ತಿಂಗಳಿಗೆ ಈ ತಿನಿಸು ಒಗ್ಗದು. ಡಿಸೆಂಬರ್, ಜನವರಿಯ ರಾತ್ರಿ ಮಾಡಿ.

ಚೀಸ್ ತಿನ್ನುವಾಗ ತಣ್ಣೀರು ಕುಡಿದರೆ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆಯೇ?
– ಓದುಗರು, ಸವದತ್ತಿ

ಇದು ಸ್ವಿಟ್ಜರ್‌ಲೆಂಡಿನಲ್ಲೂ ಇರುವ ನಂಬಿಕೆ. ಹೊಟ್ಟೆಯ ಬಿಸಿಗೆ ನೀರು ಕೆಲವೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ, ಭಯ ಬೇಡ. ಫಾಂಡ್ಯೂ ಜೊತೆ ವೈನ್ ಕುಡಿದವರನ್ನೂ ಚಹಾ ಕುಡಿದವರನ್ನೂ ಹೋಲಿಸಿದ ಒಂದು ಅಧ್ಯಯನ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಮದ್ಯ ಕುಡಿದವರ ಹೊಟ್ಟೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಿತು, ಆದರೆ ಅಜೀರ್ಣದ ತೊಂದರೆ ಹೆಚ್ಚಲಿಲ್ಲ. ಹಾಲು ಕೂಡಿಸದ ಬಿಸಿ ಚಹಾ ಇದರ ಜೊತೆ ನಿಜಕ್ಕೂ ಒಪ್ಪುತ್ತದೆ.

ಉಳಿದದ್ದನ್ನು ಏನು ಮಾಡುವುದು? ತಳಕ್ಕೆ ಹತ್ತಿದ್ದು ಬಿಡುವುದೇ ಇಲ್ಲ.
– ಓದುಗರು, ಸಂಕೇಶ್ವರ

ತಳದ ಹೊಂಬಣ್ಣದ ಹಕ್ಕಳೆ ಎಲ್ಲಕ್ಕಿಂತ ರುಚಿಯಾದ ಭಾಗ. ಪಾತ್ರೆ ಖಾಲಿಯಾಗುತ್ತ ಬಂದಾಗ ಒಂದೆರಡು ನಿಮಿಷ ಹಾಗೇ ಬಿಟ್ಟು, ಚೂರಿಯಿಂದ ಎಬ್ಬಿಸಿ ಎಲ್ಲರಿಗೂ ಹಂಚಿ. ಕಪ್ಪಗೆ ಸುಟ್ಟಿದ್ದರೆ ಮಾತ್ರ ಬಿಡಿ. ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿದ ಚೀಸನ್ನು ಮರುದಿನ ಸ್ವಲ್ಪ ಹಾಲು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಬ್ರೆಡ್ಡಿಗೆ ಸವರಿಕೊಳ್ಳಬಹುದು. ಪಾತ್ರೆಗೆ ಬಿಸಿನೀರು ಹಾಕಬೇಡಿ, ಪ್ರೋಟೀನು ಇನ್ನೂ ಬಿಗಿಯಾಗಿ ಅಂಟುತ್ತದೆ. ಆರಿದ ಮೇಲೆ ತಣ್ಣೀರು ತುಂಬಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕಟ್ಟಿಗೆಯ ಸೌಟಿಗೇ ಎದ್ದುಬರುತ್ತದೆ.